ಒಂದೇ ಸಿನಿಮಾ, ದೇಶಕ್ಕೊಂದು ಬೆಲೆ

ಒಂದು ಡಿವಿಡಿ ಅಚ್ಚಾಗಲು ತಗಲುವ ಖರ್ಚು ಯಾವ ದೇಶದಲ್ಲಾದರೂ ಬಹಳ ಕಡಿಮೆ. ಆದರೂ 2007ರ ಸುಮಾರಿಗೆ ನಮ್ಮಲ್ಲಿ ಮೋಸರ್ ಬೇರ್ ಕಂಪನಿ ಇಡೀ ಸಿನಿಮಾದ ಡಿವಿಡಿಯನ್ನು 34 ರೂಪಾಯಿಗೆ ಮಾರುತ್ತಿದ್ದಾಗ, ಜಪಾನಿನಲ್ಲಿ ಅನಿಮೆ (ಅಲ್ಲಿನ ಆನಿಮೇಷನ್) ಧಾರಾವಾಹಿಯ ಎರಡು ಕಂತುಗಳಿರುವ ಡಿವಿಡಿಗೆ 6000 ಯೆನ್ ಕೊಡಬೇಕಿತ್ತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 2000 ರೂಪಾಯಿ.

ಹೊಸದಾಗಿ ಈ ವಿಷಯಕ್ಕೆ ಬಂದವರು ಮೊದಲು ತೆರಿಗೆಯ ಮೇಲೆ ಅನುಮಾನಪಡುತ್ತಾರೆ. ಅನುಮಾನ ಪೂರ್ತಿ ತಪ್ಪೇನಲ್ಲ. ಬ್ರಿಟನ್ನಿನಲ್ಲಿ ನಮೂದಿಸಿದ ಬೆಲೆಯೊಳಗೇ ವ್ಯಾಟ್ ಸೇರಿರುತ್ತದೆ, ಅಮೆರಿಕದಲ್ಲಿ ಮಾರಾಟ ತೆರಿಗೆಯನ್ನು ಬಿಲ್ ಮಾಡುವಾಗ ಸೇರಿಸುತ್ತಾರೆ. ಬ್ರಿಟನ್ನಿನ 1984ರ ಕಾಯಿದೆಯ ಪ್ರಕಾರ ವಿಡಿಯೊಗಳಿಗೆ ಅಲ್ಲಿನ ಸೆನ್ಸಾರ್ ಸಂಸ್ಥೆಯ ಪ್ರಮಾಣಪತ್ರ ಬೇಕು, ಅದಕ್ಕೆ ಶುಲ್ಕ ನಿಮಿಷದ ಲೆಕ್ಕದಲ್ಲಿ. ಆದರೆ ಇವೆಲ್ಲ ಸೇರಿದರೂ ಒಂದಕ್ಕೆ ಒಂದೂವರೆ ಆಗಬಹುದೇ ಹೊರತು 34 ರೂಪಾಯಿ 2000 ಆಗುವುದಿಲ್ಲ. ಅಷ್ಟು ಅಂತರಕ್ಕೆ ಕಾರಣ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಆ ದೇಶದಲ್ಲಿ ಈ ಡಿಸ್ಕನ್ನು ಕೊಳ್ಳುವವರು ಯಾರು?

ಅಮೆರಿಕದ ಕ್ಯಾಸೆಟ್ ಕಾಲದಿಂದ ನೋಡೋಣ. 1980ರ ದಶಕದ ಆರಂಭದಲ್ಲಿ ಅಲ್ಲಿ ಹೊಸ ಸಿನಿಮಾದ ವಿಎಚ್‌ಎಸ್ ಕ್ಯಾಸೆಟ್ ಬೆಲೆ 80 ಡಾಲರ್ ಆಸುಪಾಸಿನಲ್ಲಿತ್ತು. ಮನೆಗೆಂದು ಕೊಳ್ಳುವವರು ವಿರಳ, ಕೊಳ್ಳುತ್ತಿದ್ದುದು ಬಾಡಿಗೆ ಅಂಗಡಿಗಳು. ಅಲ್ಲಿನ ಕಾನೂನಿನಲ್ಲಿ ಒಮ್ಮೆ ಕೊಂಡ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡಲು ನಿರ್ಮಾಪಕರ ಅಪ್ಪಣೆ ಬೇಕಿಲ್ಲ, ಬಾಡಿಗೆಯಲ್ಲಿ ಅವರಿಗೆ ಪಾಲೂ ಇಲ್ಲ. ಹಾಗಾಗಿ ಮುಂದೆ ನೂರು ಸಲ ಬಾಡಿಗೆಗೆ ಹೋಗಬಹುದಾದ ವಸ್ತುವಿನಿಂದ ಸಿಗಬೇಕಾದುದನ್ನು ಸ್ಟುಡಿಯೊಗಳು ಮೊದಲ ಮಾರಾಟದಲ್ಲೇ ಪಡೆಯಲು ನೋಡಿದವು. ಪ್ಯಾರಾಮೌಂಟ್ 1982ರಲ್ಲಿ ಎರಡನೆಯ ಸ್ಟಾರ್ ಟ್ರೆಕ್ ಚಿತ್ರವನ್ನು 39.95 ಡಾಲರಿಗೆ ಇಳಿಸಿ, ಮನೆಮಂದಿಯೂ ಕೊಳ್ಳುತ್ತಾರೆಯೇ ಎಂದು ಪರೀಕ್ಷಿಸಿತು. ಕೊಂಡರು. 1987ರಲ್ಲಿ ಟಾಪ್ ಗನ್ ಕ್ಯಾಸೆಟ್ ಪೆಪ್ಸಿ ಜಾಹೀರಾತನ್ನು ಹೊತ್ತು 26.95 ಡಾಲರಿಗೆ ಬಂತು. ಇಲ್ಲಿ ಬದಲಾದದ್ದು ಟೇಪಲ್ಲ, ಗಿರಾಕಿ. ಇಷ್ಟು ಮನಸ್ಸಿಗೆ ಹತ್ತಿದರೆ ಉಳಿದದ್ದು ಸುಲಭ.

ಜಪಾನಿನಲ್ಲಿ ಬಾಡಿಗೆಗೆ ಹಕ್ಕುದಾರರ ಅನುಮತಿ ಬೇಕು, ಬಾಡಿಗೆಯ ಡಿಸ್ಕುಗಳೇ ಬೇರೆ. ಒಮ್ಮೆ ನೋಡಿ ಮರೆಯುವವರು ಅಂಗಡಿಯಿಂದ ತಂದು ನೋಡಿ ಹಿಂತಿರುಗಿಸುತ್ತಿದ್ದರು. ಕೊಂಡು ಇಟ್ಟುಕೊಳ್ಳುವವರು ಕಟ್ಟಾ ಅಭಿಮಾನಿಗಳು. ಅನೇಕ ಅನಿಮೆಗಳು ಮಧ್ಯರಾತ್ರಿ ದಾಟಿದ ಮೇಲೆ ಪ್ರಸಾರವಾಗುತ್ತವೆ. ಆ ಸಮಯಕ್ಕೆ ಟಿವಿ ವಾಹಿನಿಗೆ ಹಣ ಕಟ್ಟುವುದು ಹಲವು ಕಂಪನಿಗಳು ಸೇರಿ ಮಾಡಿಕೊಂಡ ನಿರ್ಮಾಣ ಸಮಿತಿ. ಹಾಕಿದ ಬಂಡವಾಳದ ದೊಡ್ಡ ಪಾಲನ್ನು ಡಿಸ್ಕ್ ಮಾರಾಟದಿಂದಲೇ ಹಿಂಪಡೆಯುವ ಲೆಕ್ಕಾಚಾರ ಬಹುಕಾಲ ನಡೆಯಿತು. ಕೊಳ್ಳುವವರು ಕೆಲವೇ ಸಾವಿರ ಮಂದಿ. ಬೆಲೆ ಅರ್ಧಕ್ಕಿಳಿಸಿದರೂ ಕೊಳ್ಳುವವರು ಎರಡರಷ್ಟಾಗುವುದಿಲ್ಲ. ಹೀಗಾಗಿ ಬೆಲೆ ಹಾಗೇ ಉಳಿಯಿತು. ಅಭಿಮಾನಿಗೆ ಅಂದದ ಪೆಟ್ಟಿಗೆ, ಚಿತ್ರಪುಸ್ತಿಕೆ, ಕೆಲವೊಮ್ಮೆ ಧ್ವನಿ ಕಲಾವಿದರ ಕಾರ್ಯಕ್ರಮದ ಟಿಕೆಟ್ಟಿಗೆ ಅರ್ಜಿ ಹಾಕುವ ಚೀಟಿ ಸೇರಿಸಿ ಕೊಟ್ಟರು. ನನ್ನ ಮಟ್ಟಿಗೆ ಇದು ದುರಾಸೆಯಲ್ಲ. ಆ ಬೆಲೆ ತೆತ್ತವರಿಂದಲೇ ಎಷ್ಟೋ ಒಳ್ಳೆಯ ಕೃತಿಗಳು ಹುಟ್ಟಿವೆ, ಅದನ್ನು ಕೃತಜ್ಞತೆಯಿಂದ ನೆನೆಯಬೇಕು.

ಅದೇ ಅನಿಮೆ ಅಮೆರಿಕಕ್ಕೆ ಹೋದಾಗ ಹದಿಮೂರು ಕಂತುಗಳೂ ಒಂದೇ ಪೆಟ್ಟಿಗೆಯಲ್ಲಿ 50 ಡಾಲರಿನ ಆಸುಪಾಸಿಗೆ ಸಿಗುತ್ತಿದ್ದವು. ಬಂಡವಾಳದ ಚಿಂತೆ ಜಪಾನಿನಲ್ಲೇ ಬಹುಪಾಲು ತೀರಿರುತ್ತಿತ್ತು, ಅಮೆರಿಕದಲ್ಲಿ ಬಂದಷ್ಟು ಲಾಭ.

ಹಾಗಾದರೆ ಜಪಾನಿಯರು ಅಮೆರಿಕದಿಂದಲೇ ತರಿಸಿಕೊಳ್ಳಬಾರದೇ ಎಂದು ನೀವು ಕೇಳಬೇಕು. ಕೇಳಲೇಬೇಕಾದ ಪ್ರಶ್ನೆ ಅದು. ಎರಡು ಬೆಲೆ ಇರಬೇಕಾದರೆ ನಡುವೆ ಬೇಲಿ ಬೇಕು. ಡಿವಿಡಿಯಲ್ಲಿ ಆ ಬೇಲಿಗೆ ರೀಜನ್ ಕೋಡ್ ಎಂದು ಹೆಸರು. ಅಮೆರಿಕ 1, ಜಪಾನ್ ಮತ್ತು ಪಶ್ಚಿಮ ಯುರೋಪ್ 2, ಆಸ್ಟ್ರೇಲಿಯಾ 4, ಭಾರತ 5, ಚೀನಾ 6. ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಬ್ಲೂ-ರೇ ಬಂದಾಗ ವಲಯಗಳು ಮೂರಾದವು, ಜಪಾನ್ ಅಮೆರಿಕ ಎರಡೂ ‘ಎ’ ವಲಯಕ್ಕೆ ಸೇರಿದವು. ನಡುವಿನ ಬೇಲಿ ಉರುಳಿತು. ಅನಿಪ್ಲೆಕ್ಸ್‌ನಂಥ ಕಂಪನಿ ಅಮೆರಿಕದಲ್ಲೂ ಜಪಾನಿಗೆ ಹತ್ತಿರದ ಬೆಲೆ ಇಟ್ಟಿತು. ಅಲ್ಲಿನ ಅಭಿಮಾನಿಗಳು ಗೊಣಗಿದರು, ಆದರೆ ಕಾರಣ ಭೂಪಟದಲ್ಲೇ ಇತ್ತು.

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಬೇಲಿ ಹೊಸದಲ್ಲ. ಅಗ್ಗದ ಭಾರತೀಯ ಆವೃತ್ತಿಯ ಪಠ್ಯಪುಸ್ತಕಗಳ ಮೇಲೆ ಈ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುತ್ತದಲ್ಲ, ಅದೇ ತರ್ಕ. ಥಾಯ್ಲೆಂಡಿನ ಇಂಥ ಪುಸ್ತಕಗಳನ್ನು ಅಮೆರಿಕಕ್ಕೆ ತರಿಸಿ ಮಾರಿದ ವಿದ್ಯಾರ್ಥಿಯ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಪುಸ್ತಕದ ಮೇಲಿನದು ಬರೀ ಅಕ್ಷರ. ಡಿಸ್ಕಿನಲ್ಲಿ ಬೀಗವೂ ಇದೆ.

ಇನ್ನು 34 ರೂಪಾಯಿಯ ಕಥೆ. ಇಲ್ಲಿ ಕಂಪನಿಯ ನಿಜವಾದ ಪೈಪೋಟಿ ಇನ್ನೊಂದು ಕಂಪನಿಯೊಡನೆ ಅಲ್ಲ, ನಕಲಿ ಡಿಸ್ಕಿನೊಡನೆ. ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ ನೋಡಿದವರಿಗೆ ವಿವರಿಸಬೇಕಿಲ್ಲ. ಖಾಲಿ ಡಿಸ್ಕ್ ತಯಾರಿಯಲ್ಲೇ ಬೆಳೆದಿದ್ದ ಮೋಸರ್ ಬೇರ್, ನಕಲಿಯ ಬೆಲೆಗೇ ಅಸಲಿಯನ್ನು ಕೊಟ್ಟರೆ ಜನ ಅಸಲಿಯನ್ನೇ ಕೊಳ್ಳುತ್ತಾರೆಂದು ನಂಬಿ, ವಿಸಿಡಿಯನ್ನು 28 ರೂಪಾಯಿಗೇ ಇಟ್ಟಿತು. ಆ ಲೆಕ್ಕದ ಧೈರ್ಯ ನನಗೆ ಇಂದಿಗೂ ಮೆಚ್ಚುಗೆ.

ಹೊರದೇಶದಿಂದ ಡಿಸ್ಕ್ ತರಿಸುವ ಆಸೆ ಹುಟ್ಟಿದ್ದರೆ ಬೆಲೆಗೂ ಮೊದಲು ಪೆಟ್ಟಿಗೆಯ ಹಿಂಬದಿ ನೋಡಿ. ಭೂಗೋಳದ ಪುಟ್ಟ ಚಿತ್ರದೊಳಗೆ ಡಿವಿಡಿಯ ಅಂಕಿ ಇರುತ್ತದೆ, ಬ್ಲೂ-ರೇಗೆ ಎ, ಬಿ, ಸಿ ಎಂಬ ಅಕ್ಷರ. ಭಾರತ ‘ಸಿ’, ಬ್ರಿಟನ್ ‘ಬಿ’. ಎಲ್ಲ ವಲಯಗಳಿಗೂ ಸಲ್ಲುವ ಡಿಸ್ಕುಗಳೂ ಸಾಕಷ್ಟಿವೆ. ಡಲ್ಲಾಸಿನಲ್ಲಿರುವ ಮಗಳು ಅಲ್ಲಿ ಕೊಂಡ ರೀಜನ್ 1ರ ಡಿವಿಡಿಯನ್ನು ಮೈಸೂರಿಗೆ ತರುವುದಾದರೆ, ಮನೆಯ ಪ್ಲೇಯರ್ ರೀಜನ್ 5ಕ್ಕೆ ಮಾತ್ರ ಕಟ್ಟುಬಿದ್ದದ್ದೋ, ಎಲ್ಲ ವಲಯಗಳನ್ನೂ ಓದುವುದೋ ಎಂದು ಮುಂಚೆಯೇ ವಿಚಾರಿಸಿ.