ಡಿಸ್ಕ್ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯಲ್ಲಿ ಮನಸ್ಸಿನ ಪಾತ್ರ

ಸೊಂಟದ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ ಇಬ್ಬರು ರೈತರು ಒಂದೇ ತಿಂಗಳಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಿದ್ದರು. ಇಬ್ಬರಿಗೂ ನಲವತ್ತರ ಆಸುಪಾಸಿನ ವಯಸ್ಸು. ಇಬ್ಬರ ಗಾಯವೂ ಚೆನ್ನಾಗಿ ಮಾಗಿತ್ತು. ಮೂರು ತಿಂಗಳು ಕಳೆದ ಮೇಲೆ ಮೊದಲನೆಯವರು ಹೊಲದ ಬದುವಿನ ಮೇಲೆ ನಡೆದಾಡುತ್ತಿದ್ದರು. ಎರಡನೆಯವರಾದರೋ ಹಾಸಿಗೆಯಲ್ಲಿಯೇ ಇದ್ದು, ಹೆಂಡತಿ ಕೈಹಿಡಿದು ಎಬ್ಬಿಸಿದರೆ ಮಾತ್ರ ಏಳುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಅವರ ಕಾಲಿನ ಬಲದಲ್ಲಾಗಲಿ ಸ್ಪರ್ಶಜ್ಞಾನದಲ್ಲಾಗಲಿ ಯಾವ ಕೊರತೆಯೂ ಕಂಡುಬರಲಿಲ್ಲ. ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದು ಬಹುಮಟ್ಟಿಗೆ ಭಯ.

ನಮ್ಮ ಬೆನ್ನುಮೂಳೆಯು ಒಂದರ ಮೇಲೊಂದು ಜೋಡಿಸಿದ ಮಣಿಗಳಿಂದಾಗಿದೆ. ಅವುಗಳ ನಡುವೆ ಮೆತ್ತೆಯಂತಹ 23 ಡಿಸ್ಕುಗಳಿವೆ. ಪ್ರತಿಯೊಂದಕ್ಕೂ ಹೊರಗೆ ಗಟ್ಟಿಯಾದ ನಾರಿನ ಬಳೆ, ಒಳಗೆ ಲೋಳೆಯಂತಹ ತಿರುಳು. ಬಳೆ ಸೀಳಿ, ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತಿದಾಗ ಸೊಂಟದಿಂದ ಪಾದದವರೆಗೆ ಸೆಳೆತ ಉಂಟಾಗುತ್ತದೆ. ಈ ಕಾರಣವನ್ನೂ ಅದರ ಶಸ್ತ್ರಚಿಕಿತ್ಸೆಯನ್ನೂ ವೈದ್ಯಲೋಕಕ್ಕೆ ಮನದಟ್ಟು ಮಾಡಿಸಿದವರು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು; ಅವರ ಲೇಖನ ಪ್ರಕಟವಾದದ್ದು 1934ರಲ್ಲಿ. ಹೆಚ್ಚಿನವರಲ್ಲಿ ಈ ನೋವು ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ. ಇಳಿಯದವರಿಗೆ ನರವನ್ನು ಒತ್ತುತ್ತಿರುವ ತುಣುಕನ್ನು ತೆಗೆಯಬೇಕಾಗುತ್ತದೆ.

ತುಣುಕನ್ನು ತೆಗೆದ ಮೇಲೆ ಕಾಲಿನ ಸೆಳೆತ ಸಾಮಾನ್ಯವಾಗಿ ಬೇಗ ಕಡಿಮೆಯಾಗುತ್ತದೆ. ಸೊಂಟದ ನೋವು ಇಳಿಯಲು ಹೆಚ್ಚು ದಿನ ಬೇಕು. ಪಾದದ ಜೋಮು ಹೋಗಲು ತಿಂಗಳುಗಳೇ ಹಿಡಿಯಬಹುದು, ಕೆಲವರಲ್ಲಿ ಸ್ವಲ್ಪ ಉಳಿಯಲೂಬಹುದು. ಇದನ್ನು ಮೊದಲೇ ತಿಳಿಯದವರು ಎರಡನೆಯ ವಾರದಲ್ಲಿ ಸೊಂಟ ಹಿಡಿದುಕೊಂಡಾಗ “ಆಪರೇಷನ್ ಕೆಟ್ಟಿತು” ಎಂದು ನಿರ್ಧರಿಸಿಬಿಡುತ್ತಾರೆ. ನೋವಾದರೆ ಒಳಗೆ ಏನೋ ಹರಿಯಿತು ಎಂಬ ಭಾವನೆಯೇ ಭಯದ ಮೂಲ. ಭಯದಿಂದ ಅಲುಗಾಡದಿದ್ದರೆ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ. ಆ ನೋವು ಭಯವನ್ನು ಇಮ್ಮಡಿಗೊಳಿಸುತ್ತದೆ. ಬೆನ್ನುನೋವಿನ ರೋಗಿಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದ ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವ್ಯಾಡೆಲ್ ಮತ್ತು ಸಂಗಡಿಗರು 1993ರಲ್ಲಿ ಈ ಭಯವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಕೆಲಸ ಮಾಡಿದರೆ ಬೆನ್ನಿಗೆ ಕೇಡು ಎಂಬ ನಂಬಿಕೆ ಬಲವಾಗಿದ್ದವರೇ, ನೋವಿನ ಪ್ರಮಾಣ ಎಷ್ಟೇ ಇರಲಿ, ಹೆಚ್ಚು ದಿನ ಕೆಲಸ ಕಳೆದುಕೊಂಡದ್ದು ಕಂಡುಬಂದಿತು.

ಇಲ್ಲಿ ಬಾಳಸಂಗಾತಿಯ ನಡತೆ ಬಹಳ ಮುಖ್ಯ. ಆ ಎರಡನೆಯ ರೈತರ ಹೆಂಡತಿ ಕಷ್ಟಸಹಿಷ್ಣು. ನೀರಿನ ಲೋಟ ಕೈಗೆ, ಊಟದ ತಟ್ಟೆ ಮಂಚಕ್ಕೆ, ಅಂಗಿ ತೊಡಿಸುವುದೂ ಅವರೇ. “ಇವರು ನರಳಿದರೆ ನನಗೆ ತಡೆಯೋಕಾಗಲ್ಲ ಡಾಕ್ಟ್ರೇ” ಎಂದರು. ನರಳಿದಾಗಲೆಲ್ಲ ಓಡಿಬರುವುದು, ಎದ್ದು ನಾಲ್ಕು ಹೆಜ್ಜೆ ನಡೆದಾಗ “ಬೇಡ, ಮಲಗಿ” ಎನ್ನುವುದು, ಇವೆರಡೂ ಸೇರಿ ರೋಗಿಗೆ ತಿಳಿಯದಂತೆಯೇ ರೋಗವನ್ನು ಪೋಷಿಸುತ್ತವೆ. ಅಮೆರಿಕದ ಮನೋವಿಜ್ಞಾನಿ ವಿಲ್ಬರ್ಟ್ ಫೋರ್ಡೈಸ್ 1976ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನೇ ವಿವರಿಸಿದ್ದಾರೆ. ಪ್ರೀತಿ ಕಡಿಮೆ ಮಾಡಿರೆಂದು ಇದರ ಅರ್ಥವಲ್ಲ. ನಡೆದಾಗ ಜೊತೆಗೆ ನಡೆಯಿರಿ, ಮಾತನಾಡಿರಿ. ಅವರೇ ಮಾಡಬಲ್ಲ ಕೆಲಸವನ್ನು ಅವರಿಗೇ ಬಿಡಿರಿ. ಆ ದಂಪತಿಗಳಿಗೆ ಮೊದಲ ದಿನ ಬಾಗಿಲವರೆಗೆ, ಮರುದಿನ ಬೀದಿಯ ಬೇವಿನ ಮರದವರೆಗೆ, ನೋವಿದ್ದರೂ ಇಲ್ಲದಿದ್ದರೂ ಅಷ್ಟೇ ದೂರ ಎಂದು ಲೆಕ್ಕ ಹಾಕಿಕೊಟ್ಟೆವು. ಸುಲಭವಾಗಿ ಆಗಲಿಲ್ಲ; ಎರಡು ಬಾರಿ ನಿಲ್ಲಿಸಿದರು. ಐದನೆಯ ತಿಂಗಳಲ್ಲಿ ಆತ ಬಸ್ಸಿನಲ್ಲಿ ಒಬ್ಬರೇ ನಮ್ಮ ಕೇಂದ್ರಕ್ಕೆ ಬಂದರು.

ಹೆಂಡತಿಗೆ ಶಸ್ತ್ರಚಿಕಿತ್ಸೆಯಾದ ಮನೆಗಳಲ್ಲಿ ನಾನು ಕಾಣುವುದು ಬಹುತೇಕ ಇದರ ತದ್ವಿರುದ್ಧ. ಮನೆಗೆಲಸ ನಿಂತಿತೆಂಬ ಅಪರಾಧ ಭಾವನೆಯಿಂದ ಆಕೆ ಎರಡನೆಯ ವಾರಕ್ಕೇ ಕೊಡ ಎತ್ತುತ್ತಾಳೆ. ಆಕೆಗೆ ಬೇಕಾದದ್ದು ಧೈರ್ಯದ ಮಾತಲ್ಲ; ಶಸ್ತ್ರವೈದ್ಯರು ಹೇಳಿದಷ್ಟು ವಾರ ನೀರು, ಸೌದೆ, ದನದ ಕೊಟ್ಟಿಗೆಯ ಕೆಲಸವನ್ನು ಗಂಡನು ವಹಿಸಿಕೊಳ್ಳುವುದು.

ದಂಪತಿಗಳು ಕೇಳಲು ನಾಚುವ ಪ್ರಶ್ನೆಯೊಂದಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ದಾಂಪತ್ಯ ಸುಖ ಮುಗಿಯಿತೆಂದು ಒಳಗೊಳಗೇ ಕೊರಗಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ದೂರವಾದವರಿದ್ದಾರೆ. ಸಾಮಾನ್ಯವಾಗಿ ಕೆಲವು ವಾರಗಳ ನಂತರ, ಆರಾಮವಾಗಿ ನಡೆದಾಡುವಂತಾದ ಮೇಲೆ, ಶಸ್ತ್ರವೈದ್ಯರನ್ನು ಕೇಳಿ ಕೂಡಬಹುದು. ಶಸ್ತ್ರಚಿಕಿತ್ಸೆಯಾದವರ ಬೆನ್ನಿಗೆ ಹಾಸಿಗೆಯ ಆಧಾರವಿರಲಿ; ನೋವಾದರೆ ಬಾಯಿಬಿಟ್ಟು ಹೇಳಲಿ. ಪ್ರಸಂಗವಶಾತ್ ಇನ್ನೊಂದು ಮಾತು: ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಡಿಸ್ಕ್ ಜಾರಿತೆಂದು ದೂರುವವರನ್ನು ಈಗಲೂ ಕಾಣುತ್ತೇವೆ. ಆ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಮೂಳೆಯ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಭಯಕ್ಕಿಂತ ಆಳವಾದದ್ದು ಖಿನ್ನತೆ. ಎರಡು ವಾರಕ್ಕೂ ಮೀರಿ ನಿದ್ರೆ ಬಾರದಿರುವುದು, ಊಟ ರುಚಿಸದಿರುವುದು, ಮಕ್ಕಳ ಮಾತೂ ಬೇಡವೆನಿಸುವುದು, “ನಾನು ಮನೆಗೆ ಭಾರ” ಎನ್ನುವುದು, ಸಾಲದ ಚಿಂತೆಯಲ್ಲಿ ಕುಡಿತಕ್ಕೆ ಇಳಿಯುವುದು ಇದರ ಲಕ್ಷಣಗಳು. ಖಿನ್ನತೆ ಇರುವವರಿಗೆ ನೋವು ಹೆಚ್ಚು, ಚೇತರಿಕೆ ನಿಧಾನ. ಇದಕ್ಕೆ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ. ಸಾಯುವ ಮಾತನ್ನಾಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ, ಕೀಟನಾಶಕದ ಡಬ್ಬಿಯನ್ನು ಮನೆಯಿಂದ ಹೊರಗಿಡಿರಿ, ತಡಮಾಡದೆ ವೈದ್ಯರಲ್ಲಿಗೆ ಕರೆತನ್ನಿರಿ.

ಎಲ್ಲ ನೋವನ್ನೂ ಮನಸ್ಸಿನದೆಂದು ತಳ್ಳಿಹಾಕುವುದು ಮಾತ್ರ ದೊಡ್ಡ ತಪ್ಪು. ಕೆಲವೊಮ್ಮೆ ವೈದ್ಯರಾದ ನಾವೂ ಆ ತಪ್ಪು ಮಾಡುತ್ತೇವೆ. ಮೂತ್ರ ಕಟ್ಟಿಕೊಂಡರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಗುಪ್ತಾಂಗದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ, ಜ್ವರ ಬಂದರೆ, ಗಾಯದಿಂದ ಕೀವು ಅಥವಾ ನೀರು ಸೋರಿದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯನ್ನು ಜೊತೆಗೆ ತರಲು ಮರೆಯಬೇಡಿರಿ.