ಮಧುಮೇಹಿಗಳಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗುವುದಷ್ಟೇ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಮಧುಮೇಹಿಗಳ ಮರಣಕ್ಕೆ ಮುಖ್ಯ ಕಾರಣ ಹೃದಯ ಹಾಗೂ ರಕ್ತನಾಳಗಳ ರೋಗಗಳೇ ಆಗಿವೆ.

ಆಯುರ್ವೇದವು ಹೇಳುವ ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ಮಧುಮೇಹವೂ ಒಂದು. ಸದಾ ಕುಳಿತಿರುವ ಸುಖ, ಅತಿಯಾದ ನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳ ಅತಿಸೇವನೆ ಮೊದಲಾದವು ಇದಕ್ಕೆ ಕಾರಣವೆಂದು ಚರಕಾಚಾರ್ಯರು ತಿಳಿಸಿದ್ದಾರೆ. ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ಅವರು ಪ್ರಧಾನ ಮರ್ಮಗಳೆಂದು ಗುರುತಿಸಿದರು. ಹತೋಟಿ ತಪ್ಪಿದ ಮಧುಮೇಹವು ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ಕೊಬ್ಬು ಸಂಚಯವಾಗಿ ನಾಳವು ಕಿರಿದಾಗುತ್ತದೆ. ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಹೃದ್ರೋಗವು ಗಂಡಸರ ಕಾಯಿಲೆಯೆಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮುಟ್ಟು ನಿಲ್ಲುವವರೆಗೆ ಸ್ತ್ರೀಯರಲ್ಲಿ ಹೃದಯಾಘಾತ ಕಡಿಮೆಯೆಂಬುದು ನಿಜ. ಆದರೆ ಮಧುಮೇಹ ಬಂದ ಮೇಲೆ ಆ ರಕ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಆರಂಭವಾದ ಅಧ್ಯಯನವು, ಮಧುಮೇಹದಿಂದ ಈ ರೋಗಗಳ ಅಪಾಯ ಎರಡು-ಮೂರು ಪಟ್ಟು ಹೆಚ್ಚುವುದೆಂದೂ, ಈ ಹೆಚ್ಚಳವು ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕವೆಂದೂ 1979ರಲ್ಲಿ ತಿಳಿಸಿತು.

ಹಲವು ವರ್ಷಗಳಿಂದ ಮಧುಮೇಹವಿದ್ದ ತಾಯಿಯೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದು, "ಗ್ಯಾಸ್ ಆಗಿದೆ, ಏನಾದರೂ ಚೂರ್ಣ ಕೊಡಿ" ಎಂದರು. ಎದೆನೋವು ಇರಲಿಲ್ಲ. ಎರಡು ದಿನಗಳಿಂದ ಸುಸ್ತು, ದವಡೆಯಲ್ಲಿ ಸೆಳೆತ, ತಣ್ಣನೆಯ ಬೆವರು. ಚೂರ್ಣ ಕೊಡದೆ ಕೂಡಲೇ ಇ.ಸಿ.ಜಿ.ಗೆ ಕಳುಹಿಸಿದೆವು. ಹೃದಯಾಘಾತವಾಗಿತ್ತು. ಜೀವ ಉಳಿಯಿತಾದರೂ ವಿಳಂಬದಿಂದಾಗಿ ಹೃದಯದ ಬಲ ಕುಂದಿತು. ಮಧುಮೇಹದಿಂದ ನರಗಳು ದುರ್ಬಲವಾದವರಿಗೆ ಎದೆನೋವು ತಿಳಿಯದೆಯೂ ಹೃದಯಾಘಾತ ಸಂಭವಿಸಬಹುದು. ಕಾರಣವಿಲ್ಲದ ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ಬೆವರು ಕಂಡರೆ ಅದನ್ನು ಅಜೀರ್ಣವೆಂದು ತಾವೇ ನಿರ್ಧರಿಸಬಾರದು.

ಬಾಯಿ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಣ್ಣೆ ತಿಕ್ಕುತ್ತ, ನಾಟಿ ಔಷಧಿ ಹುಡುಕುತ್ತ ಕಾಲ ಕಳೆಯದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಕ್ಕರೆಯೊಂದನ್ನೇ ನೋಡಿದರೆ ಸಾಲದು. ರಕ್ತದೊತ್ತಡ, ಕೊಬ್ಬಿನಂಶಗಳನ್ನೂ ಪರೀಕ್ಷಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಬಹುತೇಕರಲ್ಲಿ ಶೇ. 7ರೊಳಗೆ, ರಕ್ತದೊತ್ತಡ 130/80ರೊಳಗೆ ಇರುವುದು ಒಳಿತು. ವೃದ್ಧರಿಗೆ ವೈದ್ಯರು ಬೇರೆ ಮಿತಿ ಸೂಚಿಸಬಹುದು. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಇರಲಿ. ಅನ್ನ, ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಿ, ಸೊಪ್ಪು, ತರಕಾರಿ, ಕಾಳು ಹೆಚ್ಚಾಗಲಿ. ಬೀಡಿ, ಸಿಗರೇಟು, ತಂಬಾಕನ್ನು ಪೂರ್ಣವಾಗಿ ತ್ಯಜಿಸಬೇಕು.

ಕೊನೆಯದಾಗಿ ಒಂದು ಮಾತು. ಆಯುರ್ವೇದದ ಮೇಲಿನ ವಿಶ್ವಾಸದಿಂದ ಕೆಲವರು ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸಿ ಕಷಾಯವನ್ನಷ್ಟೇ ನೆಚ್ಚುತ್ತಾರೆ. ಹಾಗೆ ಮಾಡಿ ಮಾತು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ನಮ್ಮ ಔಷಧಿಯನ್ನು ಸೇವಿಸುವವರೂ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದೆಂದು ಭಕ್ತಾದಿಗಳಲ್ಲಿ ವಿನಂತಿಸುತ್ತೇವೆ.