ಎಂ.ಡಿ. ಮತ್ತು ಡಿ.ಓ.: ಬೋರ್ಡ್ ಪರೀಕ್ಷೆಯ ಹೋಲಿಕೆ

ಅಮೆರಿಕದಲ್ಲಿ ವೈದ್ಯರಾಗಲು ಎರಡು ಪದವಿಗಳಿವೆ: ಅಲೋಪಥಿಯ ಎಂ.ಡಿ., ಆಸ್ಟಿಯೋಪಥಿಯ ಡಿ.ಓ. ಎರಡನೆಯದರ ಮೂಲಪುರುಷ ಆ್ಯಂಡ್ರ್ಯೂ ಟೇಲರ್ ಸ್ಟಿಲ್. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಔಷಧಿ ಬರೆಯಲು, ಶಸ್ತ್ರಚಿಕಿತ್ಸೆ ಮಾಡಲು ಎಂ.ಡಿ., ಡಿ.ಓ. ಇಬ್ಬರಿಗೂ ಸಮಾನ ಹಕ್ಕಿದೆ. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ವಿದ್ಯೆ ಡಿ.ಓ.ಗಳಿಗೆ ಹೆಚ್ಚುವರಿ.

ಪದವಿಯ ನಂತರ ಇಬ್ಬರೂ ಪಡೆಯುವ ರೆಸಿಡೆನ್ಸಿ ತರಬೇತಿಯ ಮಾನ್ಯತೆ 2020ರಲ್ಲಿ ಒಂದಾಯಿತು. ತಜ್ಞತೆಯ ಬೋರ್ಡ್ ಪರೀಕ್ಷೆ ಮಾತ್ರ ಒಂದಾಗಲಿಲ್ಲ. ಎಬಿಎಂಎಸ್ (ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್) ಬೋರ್ಡ್‌ಗಳದ್ದು ಒಂದು, ಎಒಎ (ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್) ಬೋರ್ಡ್‌ಗಳದ್ದು ಇನ್ನೊಂದು. ಡಿ.ಓ. ಪದವೀಧರರು ಎರಡಕ್ಕೂ ಕೂರಬಹುದು. ಹೋಲಿಕೆ ದಾರಿ ತಪ್ಪುವುದು ಇಲ್ಲೇ. ಬೇರೆ ಬೇರೆ ಪ್ರಶ್ನೆಪತ್ರಿಕೆಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟು ಯಾರು ಮೇಲು ಎನ್ನುವುದರಲ್ಲಿ ಅರ್ಥವಿಲ್ಲ. ಒಂದೇ ಬೋರ್ಡ್‌ನ ಮೊದಲ ಯತ್ನದ ಫಲಿತಾಂಶವನ್ನಷ್ಟೇ ತೂಗಬೇಕು.

ಗಮನಿಸಿ: ಭಾರತದಲ್ಲಿ ಎಂ.ಡಿ. ಸ್ನಾತಕೋತ್ತರ ಪದವಿ, ಅಮೆರಿಕದಲ್ಲಿ ಅದು ವೈದ್ಯರ ಮೊದಲ ವೃತ್ತಿಪರ ಪದವಿ.